ತೋಟ ಯಾರದು?

ಪರಸ್ಥಳದಲ್ಲಿ ನೆಲೆ ನಿಂತ ಕನ್ನಡಿಗರ ಮನೆಗಳಲ್ಲಿ ಊರಿನ ಆಸ್ತಿಯ ಮಾತು ದಿನವೂ ಬರುವುದಿಲ್ಲ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ, ಇಲ್ಲವೆ ಮದುವೆಗೋ ತಿಥಿಗೋ ದಾಯಾದಿಗಳೆಲ್ಲ ಒಂದೆಡೆ ಕೂಡಿದಾಗ ಅದು ಹೊರಬೀಳುತ್ತದೆ. ಆಸ್ತಿ ಮನೆಯ ನಿವೇಶನವಾಗಿದ್ದರೆ ಮಾತು ಬೇಗ ಮುಗಿಯುತ್ತದೆ; ಅದನ್ನು ಅಳೆಯಲು ಬರುತ್ತದೆ, ಬೆಲೆ ಕಟ್ಟಲು ಬರುತ್ತದೆ. ಚಿಕ್ಕಮಗಳೂರು, ಕೊಡಗು, ಹಾಸನದ ಮಲೆನಾಡಿನ ಕಡೆಯಿಂದ ಬಂದವರಿಗೆ ಮಾತ್ರ ಅದು ಅಷ್ಟು ಸುಲಭವಾಗಿ ಮುಗಿಯದು. ಅವರ ಆಸ್ತಿ ಕಾಫಿ ತೋಟ. ತೋಟವೆಂದರೆ ನೆಲವೂ ಹೌದು, ಗಿಡವೂ ಹೌದು, ನೆರಳಿನ ಮರವೂ ಹೌದು. ಜೊತೆಗೆ, ಯಾರೋ ಒಬ್ಬರು ಅಲ್ಲೇ ಇದ್ದು ವರ್ಷಗಟ್ಟಲೆ ಮಾಡಿದ ಕೆಲಸವೂ ಹೌದು. ಆದುದರಿಂದ ತೋಟದ ಪಾಲಿನ ಪ್ರಶ್ನೆಗೆ ವಕೀಲರ ಹತ್ತಿರ ಉತ್ತರ ಸಿಕ್ಕ ಮೇಲೂ ಮನಸ್ಸಿನಲ್ಲಿ ಏನೋ ಒಂದು ಉಳಿದುಬಿಡುತ್ತದೆ. ಆ ಉಳಿದುದನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಒಂದು ಮನೆತನವನ್ನು ಊಹಿಸಿಕೊಳ್ಳಿ. ಹನ್ನೆರಡು ಎಕರೆ ತೋಟ. ಅಜ್ಜ ಹಾಕಿದ್ದು, ತಂದೆ ಬೆಳೆಸಿದ್ದು. ಹಿರಿಯ ಮಗ ಓದನ್ನು ನಡುವೆ ಬಿಟ್ಟು ತೋಟದಲ್ಲಿ ನಿಂತ. ಕಿರಿಯವನು ಮುಂಬಯಿಯಲ್ಲಿ ನೌಕರಿ ಹಿಡಿದ. ತಂಗಿ ಮದುವೆಯಾಗಿ ಪುಣೆ ಸೇರಿದಳು. ತಂದೆಯ ವರ್ಷಾಬ್ದಿಕ ಕಳೆದ ಮೇಲೆ ಮಾತು ಬಂತು. “ಅಣ್ಣಯ್ಯಾ, ಮಗಳ ಓದಿಗೆ ದುಡ್ಡು ಬೇಕು, ಮನೆಯ ಸಾಲ ಹಾಗೇ ಇದೆ. ನನ್ನ ಪಾಲಿಗೆ ಏನಾಗುತ್ತದೋ ಕೊಟ್ಟುಬಿಡು, ಆಗದಿದ್ದರೆ ಮಾರಿಬಿಡೋಣ” ಎನ್ನುತ್ತಾನೆ ತಮ್ಮ. “ಪಾಲು ಕೇಳೋದು ಸುಲಭ ಕಣೋ. ಮೂವತ್ತು ಮಳೆಗಾಲ ಜಿಗಣೆ ಕಚ್ಚಿಸಿಕೊಂಡವನು ನಾನು” ಎನ್ನುತ್ತಾನೆ ಅಣ್ಣ. “ನೀವಿಬ್ಬರೇ ಮಾತಾಡಿಕೊಂಡರೆ ಹೇಗೆ? ನಾನೂ ಈ ಮನೆಯಲ್ಲೇ ಹುಟ್ಟಿದವಳಲ್ಲವೆ?” ಎನ್ನುತ್ತಾಳೆ ತಂಗಿ. ಮೂವರ ಮಾತಿನಲ್ಲೂ ಸುಳ್ಳಿಲ್ಲ. ಹಾಗಿದ್ದೂ ಮೂರು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. ತೋಟ ಯಾರದು ಎಂಬ ಪ್ರಶ್ನೆ ಧರ್ಮದ ಪ್ರಶ್ನೆಯಾಗುವುದು ಇಲ್ಲಿಂದಲೇ.

ಮೊದಲು ಈ ಆಸ್ತಿಯ ಸ್ವಭಾವ ಎಂಥದೆಂದು ನೋಡಬೇಕು. ಬಾಬಾ ಬುಡನ್ ಎಂಬ ಸೂಫಿ ಸಂತರು ಹದಿನೇಳನೆಯ ಶತಮಾನದಲ್ಲಿ ಯೆಮೆನ್ ದೇಶದ ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ನಮ್ಮ ನಾಡಿನ ಐತಿಹ್ಯ. ಆ ಏಳು ಬೀಜದಿಂದ ಹಬ್ಬಿದ್ದೆಂದು ಹೇಳುವ ಬೆಳೆಯಲ್ಲಿ ಇಂದು ದೇಶದ ಉತ್ಪನ್ನದ ನೂರಕ್ಕೆ ಸುಮಾರು 70ರಷ್ಟು ಕರ್ನಾಟಕದ್ದೇ. ತೋಟವೆಂದರೆ ದೊರೆಗಳ ಬಂಗಲೆ, ಸಾವಿರ ಎಕರೆಯ ಎಸ್ಟೇಟು ಎಂಬ ಚಿತ್ರ ನಗರದವರ ಕಣ್ಣಲ್ಲಿ ಇದೆ. ವಾಸ್ತವದಲ್ಲಿ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅಂದರೆ ಕಾಫಿ ಬಹುಮಟ್ಟಿಗೆ ಮನೆಮಂದಿಯ ಬೆಳೆ. ಮೇಲಿನ ಅಣ್ಣ, ತಮ್ಮ, ತಂಗಿಯರ ಸಂಸಾರ ಅಪರೂಪದ್ದಲ್ಲವೆಂದು ಹೇಳಲು ಈ ಅಂಕಿ ಸಾಕು.

ಬೀಜವನ್ನು ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ ಸಸಿಮಡಿಗೆ ಹಾಕುತ್ತಾರೆ. ಮೊಳೆಯಲು ಸುಮಾರು 45 ದಿನ. ಆಮೇಲೆ ಮಣ್ಣು ತುಂಬಿದ ಚೀಲಕ್ಕೆ ಕಿತ್ತು ನೆಟ್ಟು, ನೆರಳಲ್ಲಿಟ್ಟು, ನೀರು ಹನಿಸಿ, ಮಳೆ ಹಿಡಿದ ಮೇಲೆ ಗುಂಡಿಗೆ ಇಳಿಸಬೇಕು. ಅಲ್ಲಿಂದ ಮೂರು ನಾಲ್ಕು ವರ್ಷ ಗಿಡ ನಮಗೆ ಏನನ್ನೂ ಕೊಡುವುದಿಲ್ಲ. ನಾವೇ ಅದಕ್ಕೆ ಕೊಡಬೇಕು. ಒಮ್ಮೆ ಫಸಲಿಗೆ ಬಂದರೆ ಆರೈಕೆ ಇದ್ದಷ್ಟು ಕಾಲ, ಐವತ್ತು ವರ್ಷವಾದರೂ ಬಾಳೀತು. ಹೀಗಾಗಿ ನೆಟ್ಟವನೇ ಅದರ ಪೂರ್ತಿ ಫಲ ಉಣ್ಣುವುದು ಅಪರೂಪ. ಈಗ ಕೊಯ್ಯುವವನ ಕೈಯಲ್ಲಿರುವುದು ತಂದೆಯೋ ಅಜ್ಜನೋ ಇಟ್ಟುಹೋದ ಗಂಟು.

ವರ್ಷದ ಕೆಲಸವನ್ನು ನೋಡಿ. ಕೊಯ್ಲು ಮುಗಿದೊಡನೆ ಗಿಡಗಸಿ. ಕತ್ತರಿ ಹಿಡಿದವನು ಒಣಗಿದ್ದನ್ನು, ಸೊರಗಿದ್ದನ್ನು, ಒಂದಕ್ಕೊಂದು ಹೆಣೆದದ್ದನ್ನು ತೆಗೆಯುತ್ತಾನೆ. ಅರೇಬಿಕಾ ಗಿಡ ಹಿಂದಿನ ವರ್ಷ ಬೆಳೆದ ರೆಕ್ಕೆಯಲ್ಲಿ ಈ ವರ್ಷ ಹೂ ಬಿಡುತ್ತದೆ. ಆದುದರಿಂದ ಕಸಿ ಮಾಡುವವನು ಮುಂದಿನ ಸಾಲಿನ ಫಸಲನ್ನಲ್ಲದೆ ಅದರಾಚೆಯ ಸಾಲಿನದನ್ನೂ ಲೆಕ್ಕ ಹಿಡಿಯಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಬಾಡುತ್ತದೆ. ಅದಾದ ಮೇಲೆ ಕಾಯಿ ಹಿಡಿಯಲು ಇನ್ನೊಂದು ಮಳೆ ಬರಬೇಕು. ಅದಕ್ಕೆ ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಬರದಿದ್ದರೆ ರೊಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕಿಯಾರು. ನೀರಿಲ್ಲದವರು ಆಕಾಶ ನೋಡುತ್ತಾರೆ. ಮುಂಗಾರು ಹಿಡಿಯುವ ಮುನ್ನ ಮರಗಸಿ, ಎಂದರೆ ನೆರಳಿನ ಮರಗಳ ಕೊಂಬೆ ಇಳಿಸಿ ಗಿಡಕ್ಕೆ ಬೆಳಕು ಬಿಡುವುದು. ಎಲೆತುಕ್ಕು ರೋಗ ತಗಲದಂತೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಸಿಂಪಡಣೆ. ಮಳೆಗಾಲದಲ್ಲಿ ಕಳೆ, ಗೊಬ್ಬರ, ಕಂಬಚಿಗುರು ತೆಗೆಯುವ ಕೆಲಸ. ಸಾಲುಗಳ ನಡುವೆ ನೀರು ಇಂಗಲು ತೊಟ್ಟಿಲು ಗುಂಡಿ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಕಣದಲ್ಲಿ ಒಣಗಿಸುವುದು, ಮೋಡ ಕವಿದರೆ ರಾಶಿ ಮುಚ್ಚಲು ಓಡುವುದು. ಇಷ್ಟರಲ್ಲಿ ಮತ್ತೆ ಗಿಡಗಸಿಯ ಕಾಲ ಬಂತು.

ಈ ಪಟ್ಟಿಯಲ್ಲಿ ಒಂದು ವಿಶೇಷವಿದೆ. ಇದರಲ್ಲಿ ಯಾವ ಕೆಲಸವನ್ನೂ ಒಂದು ವರ್ಷ ಬಿಟ್ಟರೆ ಗಿಡ ಕೂಡಲೇ ಸಾಯುವುದಿಲ್ಲ. ಕಸಿ ಮಾಡದಿದ್ದರೂ ಕಾಯಿ ಬರುತ್ತದೆ. ಕೆಲವೊಮ್ಮೆ ಹೆಚ್ಚೇ ಬರುತ್ತದೆ. ನೆರಳು ಕಡಿದು ಬಯಲು ಮಾಡಿದರೂ ಮೊದಲ ವರ್ಷಗಳಲ್ಲಿ ಗಿಡ ಕಾಯಿ ಹೊತ್ತು ಬಾಗುತ್ತದೆ. ಆಮೇಲೆ ಶಕ್ತಿಗೆ ಮೀರಿ ಹೊತ್ತ ರೆಕ್ಕೆ ತುದಿಯಿಂದ ಒಣಗುತ್ತಾ ಬರುತ್ತದೆ. ಬ್ಯಾಂಕಿನ ಠೇವಣಿಯನ್ನು ಹತ್ತು ವರ್ಷ ಮುಟ್ಟದೆ ಬಿಟ್ಟರೆ ಬೆಳೆಯುತ್ತದೆ. ತೋಟವನ್ನು ಮುಟ್ಟದೆ ಬಿಟ್ಟರೆ ಕಾಡಾಗುತ್ತದೆ, ಬರಿಯ ಲಾಭಕ್ಕಾಗಿ ಮುಟ್ಟಿದರೆ ಬರಡಾಗುತ್ತದೆ. ಪಾಲಿನ ಮಾತಿನಲ್ಲಿ ನಾವು ಈ ಎರಡು ಬಗೆಯ ಆಸ್ತಿಗಳಿಗೆ ಒಂದೇ ಅಳತೆಗೋಲು ಹಿಡಿಯುತ್ತೇವೆ. ತೊಡಕು ಅಲ್ಲಿಂದ ಶುರುವಾಗುತ್ತದೆ.

ಈಗ ಮೊದಲ ಉತ್ತರ: ಕಾಯಿದೆಯದು. ಹುಟ್ಟಿನಿಂದ ಹಕ್ಕು, ಎಲ್ಲರಿಗೂ ಸಮಪಾಲು. ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹುಟ್ಟಿನಿಂದ ಸಮಪಾಲಿನ ಹಕ್ಕು ಕೊಟ್ಟಿತು. ಆದರೆ ಆ ತಿದ್ದುಪಡಿಗೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. ಇದನ್ನು ಬರಿಯ ಕಾಗದದ ನ್ಯಾಯವೆಂದು ತಳ್ಳಿಹಾಕುವಂತಿಲ್ಲ. ಪುಣೆಯ ತಂಗಿಯನ್ನೇ ಕೇಳಿ. ಹುಡುಗಿಯಾಗಿದ್ದಾಗ ಕಣದಲ್ಲಿ ಹಣ್ಣು ಆರಿಸಿದವಳು, ಆಳುಗಳಿಗೆ ಗಂಜಿ ಹೊತ್ತವಳು. ತೋಟದಲ್ಲಿ ನಿಲ್ಲುತ್ತೀಯಾ ಎಂದು ಅವಳನ್ನು ಯಾರೂ ಕೇಳಲೇ ಇಲ್ಲ. ಮದುವೆ ಮಾಡಿ ಕಳಿಸಿದರು. ನಿಲ್ಲುವ ಅವಕಾಶವನ್ನೇ ಕೊಡದೆ, ನಿಲ್ಲಲಿಲ್ಲವಾದ್ದರಿಂದ ಹಕ್ಕಿಲ್ಲ ಎನ್ನುವುದು ಯಾವ ನ್ಯಾಯ?

ಕಿರಿಯವನ ಪಕ್ಷದಲ್ಲೂ ಹೇಳಬೇಕಾದುದಿದೆ. ಮನೆ ಬಿಟ್ಟವರೆಲ್ಲ ಸುಖ ಅರಸಿ ಹೋದವರಲ್ಲ. ಹನ್ನೆರಡು ಎಕರೆ ಎರಡು ಸಂಸಾರವನ್ನು ಸಾಕದೆಂದು ಒಬ್ಬನನ್ನು ಹೊರಗೆ ಕಳಿಸಿದ ಮನೆಗಳು ಎಷ್ಟೋ. ಒಂದು ಕೋಣೆಯ ಚಾಳಿನಲ್ಲಿದ್ದುಕೊಂಡು ತಿಂಗಳು ತಿಂಗಳು ಮನಿಯಾರ್ಡರ್ ಮಾಡಿದವರನ್ನು ನಮ್ಮ ಸಂಘಗಳು ಚೆನ್ನಾಗಿ ಬಲ್ಲವು. 2001–02ರ ಸುಮಾರಿಗೆ ಜಗತ್ತಿನಾದ್ಯಂತ ಕಾಫಿಯ ಬೆಲೆ ನೆಲ ಕಚ್ಚಿ, ಕೊಯ್ದ ಕೂಲಿಯೂ ಹುಟ್ಟದಿದ್ದಾಗ, ಎಷ್ಟೋ ತೋಟಗಳು ಉಳಿದದ್ದು ನಗರದ ಸಂಬಳದಿಂದ. ಜಿಗಣೆ ಕಚ್ಚಿಸಿಕೊಂಡದ್ದು ದುಡಿಮೆಯಾದರೆ ಲೋಕಲ್ ಗಾಡಿಯಲ್ಲಿ ನೇತಾಡಿ ದುಡಿದು ಕಳಿಸಿದ್ದೂ ದುಡಿಮೆಯೇ.

ಎರಡನೆಯ ಉತ್ತರ ಅಣ್ಣನದು: ದುಡಿದವನದು ತೋಟ. ಈ ಮಾತಿಗೂ ದೊಡ್ಡ ವಂಶಾವಳಿಯಿದೆ. ಬಾಬಾ ಬುಡನ್ ಬೀಜ ಬಿತ್ತಿದರೆನ್ನುವ ಅದೇ ಶತಮಾನದಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್, ಮನುಷ್ಯ ತನ್ನ ದುಡಿಮೆಯನ್ನು ನೆಲದೊಡನೆ ಬೆರೆಸುವುದರಿಂದ ಅದು ಅವನ ಸ್ವತ್ತಾಗುತ್ತದೆಂದು ವಾದಿಸಿದ. ಅದಕ್ಕೂ ಐನೂರು ವರ್ಷ ಹಿಂದೆ ನಮ್ಮ ಶರಣರು ಕಾಯಕವನ್ನೇ ಬದುಕಿನ ಕೇಂದ್ರವಾಗಿಸಿದ್ದರು. 1974ರ ಭೂಸುಧಾರಣೆಯ ಕಾಲದಲ್ಲಿ ಉಳುವವನೇ ನೆಲದೊಡೆಯ ಎಂಬ ಘೋಷಣೆ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಮೊಳಗಿತು. ಇವೆಲ್ಲ ಅಣ್ಣನ ಬೆಂಬಲಕ್ಕೆ ನಿಲ್ಲುತ್ತವೆ ಎಂದು ತೋರುತ್ತದೆ.

ಆದರೆ ಈ ತತ್ತ್ವ ಅಣ್ಣನ ಮನೆಯ ಜಗಲಿಯಲ್ಲೇ ನಿಂತುಬಿಡುವುದಿಲ್ಲ. ಅಂಗಳ ದಾಟಿ ಲೈನ್ ಮನೆಯವರೆಗೂ ಹೋಗುತ್ತದೆ. ಕತ್ತರಿ ಹಿಡಿದವರಾರು? ಕೊಯ್ದವರಾರು? ಮರಗಸಿಗೆ ನಲವತ್ತು ಅಡಿ ಮೇಲೆ ಹತ್ತಿದವರಾರು? ಆ ತೋಟದಲ್ಲಿ ಅಣ್ಣನಿಗಿಂತ ಹೆಚ್ಚು ಮಳೆಗಾಲ ಕಳೆದ ಹೆಣ್ಣಾಳು ಇರಬಹುದು. ದುಡಿಮೆಯೊಂದೇ ಅಳತೆಯಾದರೆ ಮೊದಲ ಪಾಲು ಅವಳದು. ಭೂಮಿತಿಯ ಕಟ್ಟಳೆ ಕಾಫಿ ತೋಟಗಳಿಗೆ ಅನ್ವಯಿಸಲಿಲ್ಲವೆಂಬುದನ್ನೂ ನೆನೆಯಬೇಕು. 1951ರ ಪ್ಲಾಂಟೇಷನ್ ಲೇಬರ್ ಕಾಯಿದೆ ದೊಡ್ಡ ತೋಟಗಳ ಕೆಲಸಗಾರರಿಗೆ ವಸತಿ, ವೈದ್ಯ, ಮಕ್ಕಳ ಶಾಲೆಯನ್ನು ವಿಧಿಸಿತು, ನೆಲದಲ್ಲಿ ಪಾಲನ್ನಲ್ಲ. ದುಡಿದವನದು ತೋಟ ಎಂದು ತಮ್ಮನ ಮುಂದೆ ಗಟ್ಟಿಯಾಗಿ ಹೇಳುವ ಅಣ್ಣ ಆಳುಗಳ ಮುಂದೆ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಬಲ್ಲನೆ? ಹೇಳಲಾರನಾದರೆ, ಅವನ ಹಕ್ಕಿಗೆ ಆಧಾರ ದುಡಿಮೆಯೊಂದೇ ಅಲ್ಲವೆಂದಾಯಿತು. ಅವನೂ ಅರ್ಧ ಹುಟ್ಟಿನ ಹಕ್ಕನ್ನೇ ನೆಚ್ಚಿಕೊಂಡಿದ್ದಾನೆ.

ಅಂತೂ ಹುಟ್ಟು ಎಂಬುದೂ ಪೂರ್ತಿ ಉತ್ತರವಲ್ಲ, ದುಡಿಮೆ ಎಂಬುದೂ ಅಲ್ಲ. ಮೂರನೆಯದೊಂದನ್ನು ತೋಟವೇ ಕಲಿಸುತ್ತದೆ ಎಂದು ನಮಗೆ ತೋರುತ್ತದೆ. ಅದಕ್ಕೆ ಕಾಂಡಕೊರಕದ ಉದಾಹರಣೆ ತೆಗೆದುಕೊಳ್ಳೋಣ.

ಬಿಳಿ ಕಾಂಡಕೊರಕ ಅರೇಬಿಕಾದ ದೊಡ್ಡ ಶತ್ರು. ಇದರ ದುಂಬಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಹೊಕ್ಕು ತಿಂಗಳುಗಟ್ಟಲೆ ಕಾಂಡವನ್ನು ಕೊರೆಯುತ್ತದೆ. ಹೊರಗೆ ಕಾಣುವುದು ತೊಗಟೆಯ ಮೇಲೆ ಎದ್ದ ಸಣ್ಣ ಏಣು, ಹಳದಿಗೆ ತಿರುಗಿದ ಎಲೆ, ಇಷ್ಟೆ. ಎಳೆಯ ಗಿಡ ಬೇಗ ಸಾಯುತ್ತದೆ. ವಯಸ್ಸಾದ ಗಿಡ ಕೆಲವು ವರ್ಷ ಅಷ್ಟಿಷ್ಟು ಕಾಯಿ ಕೊಡುತ್ತಲೇ ಇರುತ್ತದೆ. ದುಂಬಿಗಳು ಹೊರಬಂದು ಹಾರುವುದು ವರ್ಷದಲ್ಲಿ ಎರಡು ಕಾಲದಲ್ಲಿ: ಏಪ್ರಿಲ್‌ನಿಂದ ಒಮ್ಮೆ, ಅಕ್ಟೋಬರ್‌ನಿಂದ ಇನ್ನೊಮ್ಮೆ. ಅಷ್ಟರೊಳಗೆ ಹುಳು ಹಿಡಿದ ಗಿಡವನ್ನು ಗುರುತು ಹಚ್ಚಿ, ಬೇರುಸಹಿತ ಕಿತ್ತು ಸುಡಬೇಕು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಕೊಡುವ ಸಲಹೆಯೂ ಇದೇ.

ಇಲ್ಲಿ ನೀತಿಯ ಪ್ರಶ್ನೆ ಬಹಳ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಗಿಡ ನನ್ನದು. ಇನ್ನೂ ಕಾಯಿ ಕೊಡುತ್ತಿದೆ. ಕೀಳಬಾರದೆಂದರೆ ಕೇಳುವವರು ಯಾರು? ಆದರೆ ಏಪ್ರಿಲ್ ಬಂದು ದುಂಬಿ ಹಾರಿದ ಮೇಲೆ ಅದಕ್ಕೆ ಬೇಲಿಯ ಲೆಕ್ಕವಿಲ್ಲ. ಪಕ್ಕದವನ ತೋಟವೂ ಅದರದೇ. ಇಂಥ ಗಿಡದ ಮುಂದೆ ನಿಂತಾಗ “ನನ್ನದು” ಎಂಬ ಮಾತಿಗೆ ಬೇಕಾದಂತೆ ಮಾಡುವ ಸ್ವಾತಂತ್ರ್ಯ ಎಂಬ ಅರ್ಥ ಉಳಿಯುವುದಿಲ್ಲ. ಇದರಿಂದ ಆಗುವ ಒಳಿತು ಕೆಡುಕಿಗೆ ಜವಾಬು ಹೇಳಬೇಕಾದವನು ನಾನು, ಎಂಬ ಅರ್ಥ ಮಾತ್ರ ಉಳಿಯುತ್ತದೆ. ಕಾಯಿಕೊರಕದ ಮಾತೂ ಹೀಗೇ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡ ಈ ಕೀಟ ಕೊಯ್ಲಿನಲ್ಲಿ ಬಿಟ್ಟ ಹಣ್ಣಿನಲ್ಲಿ, ನೆಲಕ್ಕುದುರಿದ ಕಾಯಿಯಲ್ಲಿ ಬದುಕಿಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ. ಯಾರೂ ವಾಸವಿಲ್ಲದೆ ಕೊಯ್ಯದೆ ಬಿಟ್ಟ ತೋಟ ಸುತ್ತಲಿನ ಹತ್ತು ತೋಟಗಳಿಗೆ ಹುಳುವಿನ ಉಗ್ರಾಣವಾಗುತ್ತದೆ. ಒಡೆಯ ನಗರದಲ್ಲಿದ್ದಾನೆ, ಖಾತೆ ಅವನ ಹೆಸರಿನಲ್ಲಿದೆ, ಕಂದಾಯವೂ ಕಟ್ಟಿದೆ. ಕಾಯಿದೆಯ ಕಣ್ಣಿಗೆ ಅವನು ನಿರ್ದೋಷಿ. ನೆರೆಯವನ ಕಣ್ಣಿಗೆ?

ಆದ್ದರಿಂದ ಒಡೆತನಕ್ಕೆ ಹುಟ್ಟು, ದುಡಿಮೆಗಳ ಜೊತೆಗೆ ಜವಾಬುದಾರಿ ಎಂಬ ಮೂರನೆಯ ಕಾಲು ಬೇಕು. ಗಾಂಧೀಜಿ ಆಸ್ತಿವಂತರನ್ನು ಧರ್ಮದರ್ಶಿಗಳೆಂದು ಕರೆದಾಗ ಅವರ ಮನಸ್ಸಿನಲ್ಲಿದ್ದುದು ಬಹುಶಃ ಇದೇ. ನಮ್ಮ ಹಿರಿಯರು ಇದನ್ನು ಋಣ ಎಂಬ ಸಣ್ಣ ಮಾತಿನಲ್ಲಿ ಹೇಳುತ್ತಿದ್ದರು. ಅಜ್ಜನಿಂದ ಬಂದದ್ದನ್ನು ಅಜ್ಜನಿಗೆ ತೀರಿಸಲಾಗದು. ಮುಂದಿನವರಿಗೆ ಒಪ್ಪಿಸಿಯೇ ತೀರಿಸಬೇಕು.

ಈ ದೃಷ್ಟಿಯಿಂದ ನೆರಳಿನ ಮರಗಳನ್ನು ನೋಡಿ. ಪಾಲಿನ ಜಗಳದಲ್ಲಿ ಮೊದಲು ಬಲಿಯಾಗುವುದು ಅವು. ತೋಟ ಮಾರುವುದು ಬೇಡ, ಮರ ಕಡಿದು ಬಂದ ದುಡ್ಡನ್ನು ಹಂಚಿಕೊಳ್ಳೋಣ ಎಂಬ ರಾಜಿ ಸುಲಭವಾಗಿ ಆಗುತ್ತದೆ. ಬೀಟೆ, ಹೊನ್ನೆ, ನಂದಿ, ಹಲಸು, ಅತ್ತಿ ಇವನ್ನು ಹಂಚಿಕೊಳ್ಳುವವರಲ್ಲಿ ಒಬ್ಬರೂ ಬೆಳೆಸಿಲ್ಲ. ಅವು ಹೋದ ಮೇಲೆ ಬೇಗ ಬೆಳೆಯುವ ಸಿಲ್ವರ್ ಓಕನ್ನು ಸಾಲಾಗಿ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸಬಹುದು, ನಿಜ. ಆದರೆ ಹಲವು ಮರಗಳ ತರಗೆಲೆ ಬಿದ್ದು ಕೊಳೆತು ಆದ ಮಣ್ಣು, ಆ ಮರಗಳ ಹಕ್ಕಿ, ಜೇನು ಅದರೊಡನೆ ಬರುವುದಿಲ್ಲ. ರೊಬಸ್ಟಾ ಹೂವಿಗೆ ಪರಕೀಯ ಪರಾಗ ಬೇಕು. ಹೆಜ್ಜೇನಿಗೆ ಗೂಡು ಕಟ್ಟಲು ದೊಡ್ಡ ಮರ ಬೇಕು. ಬಿಸಿಲು ಹೆಚ್ಚಿದರೆ ಕಾಂಡಕೊರಕವೂ ಹೆಚ್ಚುತ್ತದೆ. ಮೂವರು ಒಡಹುಟ್ಟಿದವರು ರಾಜಿಯಾದರು. ಆ ರಾಜಿಯ ದಂಡವನ್ನು ಅಲ್ಲಿಲ್ಲದ ನಾಲ್ಕನೆಯವರು, ಇನ್ನೂ ಹುಟ್ಟದ ಮಕ್ಕಳು, ತೆತ್ತರು. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಕೊಡಗಿನ ಗುಡ್ಡಗಳು ಜರಿದು ತೋಟಕ್ಕೆ ತೋಟವೇ ಕೆಳಗಿಳಿದುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಎಷ್ಟೋ ಮನೆಗಳಿಗೆ ಪಹಣಿಯಲ್ಲಿ ಎಕರೆ ಉಳಿಯಿತು, ನೆಲ ಉಳಿಯಲಿಲ್ಲ.

ಇತ್ತೀಚೆಗೆ ಇನ್ನೊಂದು ಸಂಗತಿ ಸೇರಿದೆ. ಬಹುಕಾಲ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಲಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಎಲ್ಲರ ಕಾಫಿ ಒಂದೇ ರಾಶಿಗೆ ಬೀಳುತ್ತಿತ್ತು. 1990ರ ದಶಕದ ಮೊದಲಲ್ಲಿ ಈ ಕಟ್ಟು ಸಡಿಲಗೊಳ್ಳುತ್ತ ಬಂದು 1996ರಲ್ಲಿ ಪೂರ್ಣವಾಗಿ ಹೋಯಿತು. ಅಲ್ಲಿಂದೀಚೆಗೆ ಸಣ್ಣ ಮನೆತನಗಳೂ ತಮ್ಮ ತೋಟದ ಹೆಸರಿನಲ್ಲೇ ಕಾಫಿ ಮಾರತೊಡಗಿವೆ. ಸ್ಪೆಷಾಲಿಟಿ ಕಾಫಿ ಎಂಬ ಮಾತನ್ನು 1974ರಲ್ಲಿ ಅಮೆರಿಕದ ಎರ್ನಾ ಕ್ನುಟ್ಸೆನ್ ಎಂಬ ಮಹಿಳೆ ಬಳಕೆಗೆ ತಂದರು. ಪರಿಣತರು ಕುಡಿದು ನೋಡಿ ನೂರಕ್ಕೆ 80 ಅಂಕವೋ ಹೆಚ್ಚೋ ಕೊಟ್ಟ ಕಾಫಿಗೆ ಈ ಹೆಸರು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾ ಬುಡನ್‌ಗಿರಿಗಳ ಅರೇಬಿಕಾಗಳಿಗೆ ಭೌಗೋಳಿಕ ಗುರುತೂ ದೊರೆಯಿತು.

ಈ ಕಾಫಿಯ ಗುಟ್ಟು ಬಹುಮಟ್ಟಿಗೆ ತಾಳ್ಮೆ. ಕೆಂಪಗೆ ಹಣ್ಣಾದುದನ್ನು ಮಾತ್ರ ಬಿಡಿಸಬೇಕು. ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಮರಳಿ ಬರಬೇಕು. ಬಿಡಿಸಿದ ದಿನವೇ ಪಲ್ಪರಿಗೆ ಹಾಕಬೇಕು. ಹುದುಗು ಒಂದಿಷ್ಟು ಹೆಚ್ಚಾದರೂ ರುಚಿ ಕೆಟ್ಟಿತು. ಒಣಗಿಸುವಾಗ ದಿನವಿಡೀ ಕೈಯಾಡಿಸಬೇಕು. ಇಷ್ಟು ಮಾಡಿಯೂ ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೇಳೆ. ಇದು ದೂರದಿಂದ ಮಾಡಿಸಲಾಗುವ ಕೆಲಸವಲ್ಲ. ಹೀಗಾಗಿ ಇಲ್ಲಿ ಅಣ್ಣನ ಕೈ ಮೇಲಾಗುತ್ತದೆ. ಅದೇ ಹೊತ್ತಿಗೆ, ಪೊಟ್ಟಣದ ಮೇಲೆ ಮನೆತನದ ಹೆಸರು, ಅಜ್ಜನ ಭಾವಚಿತ್ರ ಬರುತ್ತದೆ; ಹಣ್ಣನ್ನು ಒಂದೊಂದಾಗಿ ಆರಿಸಿದ ಹೆಂಗಸರ ಹೆಸರು ಬರುವುದಿಲ್ಲ. ಉತ್ತಮ ಕಾಫಿಗೆ ಹೆಚ್ಚು ಬೆಲೆ ಬಂದಾಗ ಆರಿಸಿದ ಕೈಗೆ ಎಷ್ಟು ಹೆಚ್ಚಾಯಿತು ಎಂಬ ಪ್ರಶ್ನೆಯನ್ನು ಕೇಳದೆ ಅದನ್ನು ಪ್ರೀತಿಯಿಂದ ಬೆಳೆದ ಕಾಫಿ ಎಂದು ಮಾರುವುದು ಅರ್ಧಸತ್ಯ. ಗಿಡದ ಮೇಲಿನ ಪ್ರೀತಿ ಗಿಡ ನೋಡಿಕೊಂಡವರನ್ನು ಬಿಟ್ಟು ಇರಲಾರದು.

ಇನ್ನು ನಮ್ಮ ಮೂವರಿಗೆ ಏನು ಹೇಳೋಣ? ಎಲ್ಲ ಮನೆಗೂ ಸಲ್ಲುವ ಒಂದೇ ಸೂತ್ರವಿಲ್ಲ. ಆದರೂ ಮೇಲಿನ ವಿಚಾರದಿಂದ ಕೆಲವು ಮಾತುಗಳು ಹೊರಡುತ್ತವೆ.

ಒಂದು, ಪಾಲಿನ ಹಕ್ಕು ದೂರ ಹೋದುದರಿಂದ ಅಳಿಯುವುದಿಲ್ಲ. ತಂಗಿಯ ಹೆಸರು ಖಾತೆಯಲ್ಲಿ ಬರಲಿ. “ಅವಳಿಗೇನು ಕಡಿಮೆ” ಎಂಬ ಮಾತಿನಿಂದ ಅವಳ ಸಹಿ ಹಾಕಿಸಿಕೊಳ್ಳುವುದು ಬೇಡ. ಅವಳಾಗಿ ಬಿಟ್ಟುಕೊಟ್ಟರೆ ಅದು ದಾನ. ಬಿಡುವಂತೆ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಎರಡು, ಆದಾಯ ಹಂಚುವ ಮೊದಲು ನೋಡಿಕೊಂಡವನ ಸಂಬಳ ತೆಗೆದಿಡಬೇಕು. ಹೊರಗಿನಿಂದ ಒಬ್ಬ ರೈಟರನ್ನು ಇಟ್ಟಿದ್ದರೆ ಕೊಡುತ್ತಿರಲಿಲ್ಲವೆ? ಅಣ್ಣನೆಂಬ ಕಾರಣಕ್ಕೆ ಮೂವತ್ತು ವರ್ಷದ ದುಡಿಮೆಯನ್ನು ಪುಕ್ಕಟೆಯೆಂದು ಎಣಿಸುವುದು ನ್ಯಾಯವಲ್ಲ. ಅತ್ತಿಗೆಯ ದುಡಿಮೆಯನ್ನೂ ಇದರಲ್ಲಿ ಸೇರಿಸಬೇಕು. ಕೊಯ್ಲಿನ ಕಾಲದಲ್ಲಿ ಆ ಮನೆ ನಡೆಯುವುದು ಆಕೆಯ ಮೇಲೆ. ಆಳುಗಳ ಬಾಕಿ ತೀರದೆ ಯಾವ ಪಾಲೂ ಇಲ್ಲವೆಂಬುದು ಇದಕ್ಕೂ ಮೊದಲಿನ ಮಾತು.

ಮೂರು, ಅಣ್ಣನೂ ಲೆಕ್ಕ ತೋರಿಸಬೇಕು. ಲೆಕ್ಕ ತೋರಿಸದ ಆರೈಕೆ ಕ್ರಮೇಣ ಯಜಮಾನಿಕೆಯಾಗುತ್ತದೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ “ತೋಟದಲ್ಲಿ ಏನೂ ಹುಟ್ಟುತ್ತಿಲ್ಲ” ಎಂಬ ಹಳೆಯ ಮಾತು ಎಷ್ಟು ಮನೆಗಳಲ್ಲಿ ಮುಂದುವರಿಯಿತೋ! ನಗರದವನು ಬೆಲೆ ಇಳಿದ ವರ್ಷ ಕೈಕೊಟ್ಟಿದ್ದರೆ, ಬೆಲೆ ಏರಿದ ವರ್ಷ ಅವನಿಗೆ ತಿಳಿಸುವುದು ಕರ್ತವ್ಯ.

ನಾಲ್ಕು, ಮರ ಕಡಿಯುವ, ನೆಲದ ಸ್ವರೂಪವನ್ನೇ ಬದಲಿಸುವ ನಿರ್ಧಾರವನ್ನು ಪಾಲಿನ ಹಕ್ಕಿನಿಂದ ಮಾತ್ರ ಮಾಡಬಾರದು. ಬಂದುದನ್ನು ಉಣ್ಣಲು ಪಾಲುದಾರರಿಗೆಲ್ಲ ಹಕ್ಕಿದೆ; ಮುಗಿಸಿಬಿಡಲು ಯಾರಿಗೂ ಇಲ್ಲ. ಒಣಗಿದ ಮರ ತೆಗೆಯುವುದು, ಹೆಚ್ಚಾದ ನೆರಳನ್ನು ಇಳಿಸುವುದು ತೋಟದ ಕೆಲಸವೇ. ದುಡ್ಡಿಗಾಗಿ ತಲೆಮಾರಿನ ಮರ ಉರುಳಿಸುವುದು ಬೇರೆ.

ಐದು, ಮಾರಲೇಬೇಕಾಗಿ ಬಂದರೆ? ನಗರದ ತಮ್ಮನ ಕಷ್ಟ ಸುಳ್ಳಲ್ಲ. ಮಗಳ ಓದು ತೋಟಕ್ಕಿಂತ ಕಡಿಮೆಯದೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಬೆಲೆ ಎರಡು ಬಗೆಯದು. ರೆಸಾರ್ಟು ಕಟ್ಟುವವನು ಕೊಡುವ ಬೆಲೆ ಒಂದು. ತೋಟದ ಫಸಲಿನಿಂದ ತೀರಿಸಲಾಗುವ ಬೆಲೆ ಇನ್ನೊಂದು. ಅಣ್ಣನಿಗೆ ಎರಡನೆಯ ಬೆಲೆಯಲ್ಲಿ, ಕಂತಿನಲ್ಲಿ ಕೊಡುವ ಅವಕಾಶವನ್ನು ಮೊದಲು ಮಾಡಿಕೊಡಬೇಕು. ತಮ್ಮನಿಗೆ ಇದರಿಂದ ನಷ್ಟವಾಗುತ್ತದೆ, ಒಪ್ಪೋಣ. ಆ ನಷ್ಟವನ್ನು ಅವನೊಬ್ಬನ ಮೇಲೆ ಹೊರಿಸುವುದೂ ಸಲ್ಲದು. ತೀರ ಅಗತ್ಯವಿದ್ದವನಿಗೆ ಮೊದಲ ಕಂತು ದೊಡ್ಡದಾಗಿ ಸಲ್ಲಲಿ, ಉಳ್ಳವನು ತಡೆದುಕೊಳ್ಳಲಿ. ಅಗತ್ಯ ಯಾರದು ಹೆಚ್ಚೆಂಬುದನ್ನು ಯಾವ ಕೋರ್ಟೂ ವಿಚಾರಿಸುವುದಿಲ್ಲ. ಒಡಹುಟ್ಟಿದವರು ವಿಚಾರಿಸಬಹುದು, ವಿಚಾರಿಸಬೇಕು.

ದೂರದಲ್ಲಿದ್ದವರು ಪಾಲು ಕೇಳುವುದನ್ನು ಬಿಟ್ಟು ಬೇರೇನೂ ಮಾಡಲಾರರೆಂಬುದೂ ಸರಿಯಲ್ಲ. 1936ರಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದದ್ದು ಮುಂಬಯಿಯ ಚರ್ಚ್‌ಗೇಟಿನಲ್ಲಿ. ಬೆಳೆ ನಮ್ಮ ಬೆಟ್ಟದ್ದಾದರೂ ಕುಡಿಯುವವರು ಬಹುಪಾಲು ನಗರದವರೇ. ಊರಿನ ಕಾಫಿಗೆ ಇಲ್ಲಿ ಗಿರಾಕಿ ಹುಡುಕುವುದು, ಲೆಕ್ಕಪತ್ರ ನೋಡಿಕೊಳ್ಳುವುದು, ಹೊಸ ಗಿಡ ಹಾಕುವ ವರ್ಷ ಮೂರು ವರ್ಷದ ಖರ್ಚಿಗೆ ಕೈಜೋಡಿಸುವುದು, ಇವೆಲ್ಲ ತೋಟದ ಕೆಲಸಗಳೇ. ಕೊನೆಗೆ ಚಿಕೋರಿ ಎಷ್ಟು ಬೆರೆತಿದೆಯೆಂದು ಪೊಟ್ಟಣ ಓದಿ, ಒಳ್ಳೆಯ ಕಾಫಿಗೆ ನಾಲ್ಕು ರೂಪಾಯಿ ಹೆಚ್ಚು ಕೊಡುವುದೂ ಅದಕ್ಕೆ ಸೇರಿದ್ದೇ.

ಪಾಲಿನ ಮಾತಿಗೆ ಸಾಮಾನ್ಯವಾಗಿ ನಾವು ಆರಿಸಿಕೊಳ್ಳುವುದು ಕೊಯ್ಲು ಮುಗಿದ, ದುಡ್ಡು ಕೈಗೆ ಬರುವ ಕಾಲವನ್ನು. ಮುಂದಿನ ಸಲ ಒಂದು ವಾರ ರಜೆ ಹಾಕಿ ಮರಗಸಿಯ ಕಾಲದಲ್ಲಿ ಹೋಗೋಣ. ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಅಣ್ಣನ ಹಿಂದೆ ತೋಟದ ಮೇಲ್ತುದಿಯಿಂದ ಕೆಳಗಿನವರೆಗೆ ಒಮ್ಮೆ ನಡೆದು, ಯಾವ ಗಿಡ ಯಾರು ಹಾಕಿದ್ದು, ಯಾವುದಕ್ಕೆ ಹುಳು ಬಿದ್ದಿದೆ, ಎಲ್ಲೆಲ್ಲಿ ಹೊಸದು ಹಾಕಬೇಕು, ಆಳುಗಳಿಗೆ ಏನು ಸಲ್ಲುತ್ತಿದೆ ಎಂದು ಕೇಳಿಕೊಳ್ಳೋಣ. ಆಮೇಲೆ ಜಗಲಿಯ ಮೇಲೆ ಕುಳಿತು ಪಾಲಿನ ಮಾತಾಡಲು ಅಡ್ಡಿಯಿಲ್ಲ. ಎಕರೆಯ ಲೆಕ್ಕ ಬದಲಾಗಲಾರದು. ಆದರೆ ಏನನ್ನು ಹಂಚಿಕೊಳ್ಳುತ್ತಿದ್ದೇವೆಂಬುದು ಅಷ್ಟರಲ್ಲಿ ಮೂವರಿಗೂ ತಿಳಿದಿರುತ್ತದೆ.